ಬೇಡ ಅನ್ನೋದು ಸುಲಭ

ಕಿಡ್ನಿಯ ಕಲ್ಲನ್ನು ಹೊಟ್ಟೆ ಕುಯ್ಯದೆ ಪುಡಿ ಮಾಡುವ ಯಂತ್ರ ಇದೆಯಲ್ಲ, ಲಿಥೋಟ್ರಿಪ್ಟರ್, ಅದರೊಳಗೆ ಟ್ರಿಗರ್ಡ್ ಸ್ಪಾರ್ಕ್ ಗ್ಯಾಪ್ ಅನ್ನುವ ಪುಟ್ಟ ಬಿಡಿಭಾಗ ಇರುತ್ತದೆ. ಗೊತ್ತುಮಾಡಿದ ಕ್ಷಣಕ್ಕೆ ಸರಿಯಾಗಿ, ಒಂದೇ ಏಟಿಗೆ ಭಾರೀ ವಿದ್ಯುತ್ತನ್ನು ಹರಿಸುವುದು ಅದರ ಕೆಲಸ. ಅಣುಬಾಂಬನ್ನು ಸಿಡಿಸುವುದಕ್ಕೂ ಇಂಥದ್ದೇ ಸ್ವಿಚ್ಚು ಬೇಕು.

2003ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ಆಶರ್ ಕಾರ್ನಿ ಎಂಬ ವ್ಯಾಪಾರಿ ಅಮೆರಿಕದಿಂದ ಇಂಥ 200 ಸ್ವಿಚ್ಚುಗಳನ್ನು ತರಿಸಲು ಹೊರಟ. ಕಾಗದದಲ್ಲಿ ಆಸ್ಪತ್ರೆಗೆ ಅಂತಿತ್ತು. ಆದರೆ ಒಂದು ಆಸ್ಪತ್ರೆಗೆ ಬೇಕಾಗುವುದು ಬೆರಳೆಣಿಕೆಯಷ್ಟು. 200 ಯಾಕೆ? ಮಾಲು ನಿಜಕ್ಕೂ ಹೋಗಬೇಕಿದ್ದದ್ದು ಪಾಕಿಸ್ತಾನಕ್ಕೆ ಎಂದು ಆಮೇಲೆ ಗೊತ್ತಾಯಿತು. 2005ರಲ್ಲಿ ಅವನಿಗೆ ಅಮೆರಿಕದ ನ್ಯಾಯಾಲಯ 3 ವರ್ಷ ಜೈಲು ವಿಧಿಸಿತು.

ಯಾವ ಮಾಲು ಗಡಿ ದಾಟಬಹುದು, ಯಾರಿಗೆ ಮಾರಬಹುದು ಎಂದು ನೋಡುವ ವಕೀಲಿಕೆ ನನ್ನದು. ನಾನು ಇದಕ್ಕೆ ಬಂದ ಹೊಸದರಲ್ಲಿ ಹಿರಿಯರೊಬ್ಬರು ಈ ಕತೆ ಹೇಳಿ, "ಇದರಲ್ಲಿ ಕಾನೂನು ಎಲ್ಲಿದೆ ಹೇಳಮ್ಮ" ಅಂದರು. ನಾನು ಸೆಕ್ಷನ್ನು, ಲೈಸೆನ್ಸು, ಪಟ್ಟಿ ಅಂತ ಏನೇನೋ ಒದರಿದೆ. "ಅಲ್ಲ, 200 ಅನ್ನೋ ಅಂಕಿಯಲ್ಲಿದೆ" ಅಂದರು. ಆಗ ಅವರ ಮಾತು ಸ್ವಲ್ಪ ನಾಟಕದ ಡೈಲಾಗಿನ ಹಾಗೆ ಕೇಳಿಸಿತ್ತು. ಈಗ ನನಗೂ ಅದೇ ಚಾಳಿ. ಯಾವ ಫೈಲು ಬಂದರೂ ಮೊದಲು ಕಣ್ಣು ಹೋಗುವುದು ಎಷ್ಟು ಬೇಕು ಅಂದಿದ್ದಾರೆ ಅನ್ನುವ ಕಾಲಮ್ಮಿಗೆ.

ರಫ್ತು ನಿಯಂತ್ರಣ, ಆರ್ಥಿಕ ನಿರ್ಬಂಧ. ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಒಂದೇ ವಕೀಲರ ಮೇಜಿಗೆ ಬರುವುದರಿಂದ ಒಂದೇ ಅನ್ನಿಸಿಬಿಡುತ್ತದೆ. ಆದರೆ ಮೊದಲನೆಯದು ವಸ್ತುವನ್ನು ನೋಡುತ್ತದೆ: ಈ ಯಂತ್ರ, ಈ ರಾಸಾಯನಿಕ, ಈ ಸಾಫ್ಟ್‌ವೇರು ಗಡಿ ದಾಟಬಹುದಾ? ಎರಡನೆಯದು ಮನುಷ್ಯನನ್ನು ನೋಡುತ್ತದೆ: ಇವನ ಜೊತೆ, ಈ ಕಂಪನಿಯ ಜೊತೆ, ಈ ದೇಶದ ಜೊತೆ ವ್ಯವಹಾರ ಮಾಡಬಹುದಾ? ಎರಡೂ ಸೇರಿದರೆ ಕೇಳಬೇಕಾದ ಪ್ರಶ್ನೆ ನಾಲ್ಕೇ. ಏನು, ಯಾರಿಗೆ, ಎಲ್ಲಿಗೆ, ಯಾತಕ್ಕೆ. ಮೊದಲ ಮೂರಕ್ಕೆ ಕಾಗದದಲ್ಲಿ ಉತ್ತರ ಸಿಗುತ್ತದೆ, ಸುಳ್ಳೋ ನಿಜವೋ. ನಾಲ್ಕನೆಯದಕ್ಕೆ ಸಿಗುವ ಉತ್ತರ ಮಾತ್ರ ಯಾವಾಗಲೂ ಒಂದೇ: "ಕೈಗಾರಿಕಾ ಬಳಕೆಗೆ". ಈ ಎರಡು ಪದ ಓದಿ ಓದಿ ನನಗೆ ಸಾಕಾಗಿದೆ.

ಪಟ್ಟಿಗಳನ್ನು ಓದುವುದು ಬೇಜಾರಿನ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ಪಟ್ಟಿಯ ಹಿಂದೆಯೂ ಯಾವುದೋ ಒಂದು ಬೆಚ್ಚಿಬಿದ್ದ ಗಳಿಗೆ ಇದೆ. 1974ರಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಮಾಡಿತು. ಅದರ ಬೆನ್ನಿಗೇ ಪರಮಾಣು ಪೂರೈಕೆದಾರರ ಗುಂಪು ಹುಟ್ಟಿತು, ಯಾವ ಮಾಲಿಗೆ ತಡೆ ಬೇಕು ಎಂದು ಒಟ್ಟಿಗೆ ಪಟ್ಟಿ ಮಾಡುವ ದೇಶಗಳ ಕೂಟ. ಇರಾನ್ ಜೊತೆಗಿನ ಯುದ್ಧದಲ್ಲಿ ಇರಾಕ್ ವಿಷಾನಿಲ ಬಳಸಿತು. 1985ರಲ್ಲಿ ರಾಸಾಯನಿಕಗಳಿಗೆ ಅಂಥದ್ದೇ ಆಸ್ಟ್ರೇಲಿಯಾ ಗುಂಪು ಬಂತು. 1987ರಲ್ಲಿ ಕ್ಷಿಪಣಿಗಳಿಗೆ ಎಂಟಿಸಿಆರ್ ಎಂಬ ಕೂಟ ಬಂತು. 500 ಕಿಲೋ ಭಾರವನ್ನು 300 ಕಿಲೋಮೀಟರ್ ದೂರ ಒಯ್ಯಬಲ್ಲದ್ದು ಅನ್ನುವ ಗೆರೆ ಅಲ್ಲಿಂದ ಬಂದದ್ದು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಬಣಕ್ಕೆ ಏನನ್ನು ಮಾರಬಾರದು ಎಂದು ತೀರ್ಮಾನಿಸುತ್ತಿದ್ದ ಕೋಕಾಮ್ 1994ರಲ್ಲಿ ಬಾಗಿಲು ಹಾಕಿತು. ಅದರ ಜಾಗಕ್ಕೆ 1996ರಲ್ಲಿ ವಾಸೆನಾರ್ ಒಪ್ಪಂದ ಬಂತು. ಈಗ ಅದರಲ್ಲಿ 42 ದೇಶಗಳಿವೆ, 2017ರಿಂದ ಭಾರತವೂ. ಯಾರನ್ನು ಕಂಡು ಬೆಚ್ಚಿ ಪಟ್ಟಿ ಶುರುವಾಯಿತೋ ಅವರೇ ಒಂದು ದಿನ ಪಟ್ಟಿ ಕಾಯುವವರ ಸಾಲಿಗೆ ಬರುತ್ತಾರೆ. ಈ ಕ್ಷೇತ್ರದಲ್ಲಿ ಅದೇನೂ ಹೊಸದಲ್ಲ.

ಕೋಕಾಮ್ ಕಾಲದ ಕತೆಗಳಲ್ಲಿ ನನಗೆ ಮರೆಯಲಾಗದ್ದು ತೋಷಿಬಾ ಪ್ರಕರಣ. 1980ರ ದಶಕದ ಮೊದಲಲ್ಲಿ ತೋಷಿಬಾ ಮಷಿನ್ ಎಂಬ ಜಪಾನಿ ಕಂಪನಿ ಸೋವಿಯತ್ ಒಕ್ಕೂಟಕ್ಕೆ ದೊಡ್ಡ ಮಿಲ್ಲಿಂಗ್ ಯಂತ್ರಗಳನ್ನು ಮಾರಿತು. ಅವನ್ನು ನಡೆಸುವ ಗಣಕ ನಿಯಂತ್ರಣ ಬಂದದ್ದು ನಾರ್ವೆಯ ಕೋಂಗ್ಸ್‌ಬರ್ಗ್‌ನಿಂದ. ಹಲವು ಅಕ್ಷಗಳಲ್ಲಿ ಒಟ್ಟಿಗೆ ಕೊರೆಯುವ ಯಂತ್ರ. ಅಂಥ ಯಂತ್ರದಲ್ಲಿ ಜಲಾಂತರ್ಗಾಮಿಯ ಪ್ರೊಪೆಲ್ಲರನ್ನು ತುಂಬಾ ನಯವಾಗಿ ಕೆತ್ತಬಹುದು. ನಯವಾದಷ್ಟೂ ನೀರಿನಲ್ಲಿ ಸದ್ದು ಕಡಿಮೆ. ಸದ್ದು ಕಡಿಮೆಯಾದಷ್ಟೂ ಪತ್ತೆ ಹಚ್ಚುವುದು ಕಷ್ಟ. ಲೈಸೆನ್ಸಿಗೆ ಕೊಟ್ಟ ಅರ್ಜಿಯಲ್ಲಿ ಇದು ಕಡಿಮೆ ಸಾಮರ್ಥ್ಯದ, ನಿಯಂತ್ರಣಕ್ಕೆ ಬಾರದ ಯಂತ್ರ ಎಂದು ಬರೆದಿದ್ದರು. 1987ರಲ್ಲಿ ಸಂಗತಿ ಹೊರಬಿತ್ತು. ಅಮೆರಿಕದ ಸಂಸದರು ಸಂಸತ್ ಭವನದ ಮುಂದೆ ಸುತ್ತಿಗೆ ಹಿಡಿದು ತೋಷಿಬಾ ರೇಡಿಯೊ ಒಡೆದರು. ಮಾತೃಸಂಸ್ಥೆಯ ಅಧ್ಯಕ್ಷರೂ ಚೇರ್ಮನ್ನರೂ ರಾಜೀನಾಮೆ ಕೊಟ್ಟರು. ಪಾಪ, ಆ ರೇಡಿಯೊ ಏನು ಮಾಡಿತ್ತು?

ಅರ್ಜಿಯಲ್ಲಿ ಸುಳ್ಳು ಬರೆದದ್ದು ಬೇರೆ ಮಾತು. ಆದರೆ ಸುಳ್ಳೇ ಇಲ್ಲದೆಯೂ ವರ್ಗೀಕರಣ ತಪ್ಪಬಹುದು. ಮಾಲು ಯಾವ ಪಟ್ಟಿಯ ಯಾವ ಸಾಲಿಗೆ ಬರುತ್ತದೆ ಎಂದು ಗೊತ್ತುಮಾಡುವುದಕ್ಕೆ ನಾವು ವರ್ಗೀಕರಣ ಅನ್ನುತ್ತೇವೆ. ಅದಕ್ಕೆ ಎಂಜಿನಿಯರುಗಳ ಜೊತೆ ಕೂರಬೇಕು. ಕೂತಾಗ ನಡೆಯುವ ಮಾತು ಪ್ರತಿ ಸಲವೂ ಹೆಚ್ಚುಕಡಿಮೆ ಹೀಗೇ.

"ಇದೇನು ಸರ್?"

"ಏನಿಲ್ಲ ಮೇಡಂ, ಸುಮ್ನೆ ಒಂದು ಫ್ರೀಕ್ವೆನ್ಸಿ ಕನ್ವರ್ಟರ್. ಮೋಟರಿನ ವೇಗ ಹೆಚ್ಚು ಕಡಿಮೆ ಮಾಡೋಕೆ."

"ಎಷ್ಟು ಹರ್ಟ್ಜ್ ತನಕ ಹೋಗುತ್ತೆ?"

"ಗಿರಾಕಿ ಬಳಸೋದು 400."

"ಬಳಸೋದಲ್ಲ ಸರ್. ಎಷ್ಟರ ತನಕ ಹೋಗಬಲ್ಲದು?"

ಅಲ್ಲಿ ಒಂದು ಮೌನ. ಪರಮಾಣು ಗುಂಪಿನ ಪಟ್ಟಿಯಲ್ಲಿ 600 ಹರ್ಟ್ಜ್ ಅನ್ನುವ ಗೆರೆ ಇದೆ. ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಗರಗರ ತಿರುಗಬೇಕಾದರೆ ಅಂಥ ಕನ್ವರ್ಟರ್ ಬೇಕು. ಬೇರೆ ಷರತ್ತುಗಳೂ ಇವೆ, ಆದರೆ ಮೊದಲು ಕೇಳುವುದು ಇದನ್ನೇ. ಗಿರಾಕಿ ಏನು ಮಾಡುತ್ತಾನೆ ಅನ್ನುವುದನ್ನು ಎಂಜಿನಿಯರು ಯೋಚಿಸುತ್ತಾರೆ. ಯಂತ್ರ ಏನು ಮಾಡಬಲ್ಲದು ಅನ್ನುವುದನ್ನು ಕಾನೂನು ಕೇಳುತ್ತದೆ. ನಮ್ಮ ಮತ್ತು ಅವರ ನಡುವಿನ ಅರ್ಧ ಜಗಳ ಇಷ್ಟೇ. ಒಬ್ಬರು ನನಗೆ ನೇರವಾಗಿಯೇ ಹೇಳಿದ್ದರು: "ಮೇಡಂ, ನಿಮ್ಮ ಲೆಕ್ಕದಲ್ಲಿ ಚಾಕುವಿಗೂ ಲೈಸೆನ್ಸ್ ಬೇಕಲ್ವಾ?" ಬೇಡ ಸರ್, ಅದು ಯಾವ ಪಟ್ಟಿಯಲ್ಲೂ ಇಲ್ಲ ಅಂದೆ. ಅವರು ನಗಲಿಲ್ಲ.

ಇನ್ನೊಂದು ತಲೆನೋವಿದೆ. ಗಡಿ ದಾಟಬೇಕಾದರೆ ವಸ್ತುವೇ ದಾಟಬೇಕೆಂದಿಲ್ಲ. ಒಂದು ನಕ್ಷೆಯನ್ನು ಬೇರೆ ದೇಶದ ಸಹೋದ್ಯೋಗಿಗೆ ತೋರಿಸಿದರೂ ರಫ್ತೇ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾನ್ ರೀಸ್ ರಾತ್ ಡ್ರೋನುಗಳಿಗಾಗಿ ಪ್ಲಾಸ್ಮಾ ಸಂಶೋಧನೆ ಮಾಡುತ್ತಿದ್ದರು. ವಾಯುಪಡೆಯ ಆ ಕೆಲಸದ ವಿವರಗಳು ಅವರ ಚೀನಾ ಮತ್ತು ಇರಾನ್ ಮೂಲದ ವಿದ್ಯಾರ್ಥಿಗಳಿಗೂ ಸಿಗುವ ಹಾಗೆ ಆಯಿತು. 2008ರಲ್ಲಿ ಅವರು ತಪ್ಪಿತಸ್ಥ ಎಂದು ತೀರ್ಮಾನವಾಯಿತು. 4 ವರ್ಷ ಜೈಲು. ಎಪ್ಪತ್ತು ದಾಟಿದ ಮೇಷ್ಟ್ರು. ಎಚ್ಚರಿಕೆ ಕೊಟ್ಟಿದ್ದರೂ ಕೇಳಲಿಲ್ಲ ಅನ್ನುವುದು ನಿಜ. ಆದರೂ ವಿಶ್ವವಿದ್ಯಾಲಯಗಳಲ್ಲಿ ತರಬೇತಿ ಕೊಡುವಾಗ ಈ ಪ್ರಕರಣ ಹೇಳಿದರೆ ಹಿಂದಿನ ಬೆಂಚು ಕೂಡ ಫೋನ್ ಕೆಳಗಿಡುತ್ತದೆ.

ಇದಕ್ಕೆ ತದ್ವಿರುದ್ಧ ಫಿಲ್ ಜಿಮ್ಮರ್‌ಮನ್‌ರ ಕತೆ. ಅವರು 1991ರಲ್ಲಿ ಬರೆದ ಪಿಜಿಪಿ ಎಂಬ ಗೂಢಲಿಪಿಯ ಪ್ರೋಗ್ರಾಂ ಇಂಟರ್‌ನೆಟ್ಟಿನಲ್ಲಿ ಜಗತ್ತೆಲ್ಲ ಹರಡಿತು. ಆಗ ಬಲವಾದ ಗೂಢಲಿಪಿ ಅಮೆರಿಕದ ಲೆಕ್ಕದಲ್ಲಿ ಶಸ್ತ್ರಾಸ್ತ್ರ. ಅವರ ಮೇಲೆ ತನಿಖೆ ಶುರುವಾಯಿತು. ತಮಾಷೆ ಏನೆಂದರೆ ಪುಸ್ತಕ ಶಸ್ತ್ರಾಸ್ತ್ರ ಅಲ್ಲ. ಹಾಗಾಗಿ ಆ ಕೋಡನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು! ಆಚೆ ದೇಶದವರು ಕೊಂಡು, ಸ್ಕ್ಯಾನ್ ಮಾಡಿಕೊಳ್ಳಬಹುದಿತ್ತು. 1996ರಲ್ಲಿ ಸರಕಾರ ತನಿಖೆ ಕೈಬಿಟ್ಟಿತು. ಇವತ್ತು ಅಂಥ ಗೂಢಲಿಪಿ ಎಲ್ಲರ ಜೇಬಿನ ಫೋನಿನಲ್ಲೂ ಇದೆ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ ಈಗ ಕಂಪ್ಯೂಟರ್ ಚಿಪ್ಪುಗಳಲ್ಲಿ ನಡೆಯುತ್ತಿದೆ. 2022ರ ಅಕ್ಟೋಬರಿನಲ್ಲಿ ಅಮೆರಿಕ ಚೀನಾಕ್ಕೆ ಹೋಗುವ ಎಐ ಚಿಪ್ಪುಗಳ ಮೇಲೆ ಗೆರೆ ಎಳೆಯಿತು. ಎನ್‌ವಿಡಿಯಾ ಕಂಪನಿ ಆ ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲುವ ಎ800, ಎಚ್800 ಚಿಪ್ಪು ಮಾಡಿತು. 2023ರ ಅಕ್ಟೋಬರಿನಲ್ಲಿ ಗೆರೆ ಇನ್ನೂ ಕೆಳಗೆ ಬಂತು. ಕೆಲವರು ಇದನ್ನು ಕಳ್ಳಾಟ ಅಂತಾರೆ. ನಾನು ಒಪ್ಪುವುದಿಲ್ಲ. ಗೆರೆ ಎಳೆದವರು ಗೆರೆಯ ಈಚೆ ನಿಂತವರನ್ನು ಬೈಯಬಾರದು. ಬೇಕಿದ್ದರೆ ಗೆರೆ ಬದಲಿಸಲಿ. ಬದಲಿಸಿದರು ಕೂಡ.

ವಸ್ತುವಿನ ಕತೆ ಇಷ್ಟು. ಮನುಷ್ಯರ ಕಡೆಗೆ ಬಂದರೆ ಮೊದಲ ಕಗ್ಗಂಟೇ ಹೆಸರು.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷ್ಮಿ ಅನ್ನುವ ಒಂದು ಹೆಸರನ್ನು ರೋಮನ್ ಲಿಪಿಯಲ್ಲಿ ಕೆ-ಎಸ್-ಎಚ್ ಹಾಕಿ ಬರೆಯುವವರಿದ್ದಾರೆ, ಎಕ್ಸ್ ಹಾಕಿ ಬರೆಯುವವರಿದ್ದಾರೆ. ಒಬ್ಬಳೇ ಲಕ್ಷ್ಮಿ ಒಂದು ಕಾರ್ಡಿನಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಇರುತ್ತಾಳೆ. ಅರಬಿ, ಪಾರ್ಸಿ, ರಷ್ಯನ್, ಚೀನೀ ಹೆಸರುಗಳಿಗೂ ಇದೇ ಪಾಡು. ಅವನ್ನೆಲ್ಲ ರೋಮನ್ ಅಕ್ಷರಕ್ಕೆ ಇಳಿಸಿ, ನಿರ್ಬಂಧಿತರ ಪಟ್ಟಿ ಮಾಡಿ, ಆ ಪಟ್ಟಿಗೆ ಜಗತ್ತಿನ ಎಲ್ಲ ಗಿರಾಕಿಗಳ ಹೆಸರನ್ನು ತಾಳೆ ನೋಡು ಎಂದು ಒಂದು ಸಾಫ್ಟ್‌ವೇರಿಗೆ ಹೇಳುತ್ತೇವೆ.

ಅದು ಎಡವುವುದು ಎಲ್ಲಿ ಅಂದರೆ, ನಂಬುವುದು ಕಷ್ಟ. ಅಮೆರಿಕದ ಖಜಾನೆ ಇಲಾಖೆಯಲ್ಲಿ ನಿರ್ಬಂಧಗಳನ್ನು ನೋಡಿಕೊಳ್ಳುವ ಕಚೇರಿಗೆ ಓಫ್ಯಾಕ್ ಅನ್ನುತ್ತಾರೆ. 2019ರಲ್ಲಿ ಆ್ಯಪಲ್ ಕಂಪನಿ ಓಫ್ಯಾಕ್ ಜೊತೆ 4,66,912 ಡಾಲರಿಗೆ ರಾಜಿ ಮಾಡಿಕೊಂಡಿತು. ಸ್ಲೊವೇನಿಯಾದ ಎಸ್‌ಐಎಸ್ ಎಂಬ ಸಾಫ್ಟ್‌ವೇರ್ ಕಂಪನಿ ನಿರ್ಬಂಧಿತರ ಪಟ್ಟಿಯಲ್ಲಿತ್ತು. ನಮ್ಮ ಲಿಮಿಟೆಡ್ ಇದ್ದ ಹಾಗೆ ಅದರ ಹೆಸರಿನ ಬಾಲದಲ್ಲಿ ಬರುವ ಡಿ-ಒ-ಒ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು, ಮಧ್ಯೆ ಚುಕ್ಕಿಗಳಿದ್ದವು. ಆ್ಯಪಲ್‌ನ ದಾಖಲೆಯಲ್ಲಿ ಅದೇ ದೊಡ್ಡ ಅಕ್ಷರದಲ್ಲಿತ್ತು. ಯಂತ್ರಕ್ಕೆ ಎರಡೂ ಒಂದೇ ಅಂತ ಹೊಳೆಯಲಿಲ್ಲ. ಮುಂದಿನ ವರ್ಷ ಅಮೆಜಾನಿನ ಸರದಿ. ನಿರ್ಬಂಧಕ್ಕೆ ಒಳಗಾದ ಕ್ರೈಮಿಯಾ ಪ್ರದೇಶದ ಹೆಸರನ್ನು ಸಿ ಬದಲು ಕೆ ಅಕ್ಷರದಿಂದ ಬರೆದ ವಿಳಾಸಗಳನ್ನು ಅವರ ವ್ಯವಸ್ಥೆ ಹಿಡಿಯಲಿಲ್ಲ. ಜಗತ್ತಿನ ಅತಿ ಜಾಣ ಎಂಜಿನಿಯರುಗಳಿರುವ ಕಂಪನಿಗಳು ಇವು!

ಹೆಸರು ಸಿಗದೆ ಹೋದರೆ ಹೀಗೆ. ಸುಮ್ಮಸುಮ್ಮನೆ ಸಿಕ್ಕರೆ? ಅದರ ದಂಡ ಯಾರೂ ಪ್ರಕಟಿಸುವುದಿಲ್ಲ. ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ.

ಈ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಂದು ಕಕ್ಷಿದಾರ ಕಂಪನಿಯ ಪರವಾಗಿ ದಿನಾ ಬರುವ ಹೆಸರುಗಳನ್ನು ನಾನೇ ನೋಡುತ್ತಿದ್ದೆ. ರೋಗ ಪತ್ತೆ ಮಾಡುವ ಲ್ಯಾಬಿನ ಯಂತ್ರಕ್ಕೆ ಒಂದು ಬಿಡಿಭಾಗ ಹೋಗಬೇಕಿತ್ತು. ವಸ್ತುವಿಗೆ ಯಾವ ತಡೆಯೂ ಇರಲಿಲ್ಲ. ದೇಶಕ್ಕೂ ಇರಲಿಲ್ಲ. ಆದರೆ ಕೊಳ್ಳುವ ಸಂಸ್ಥೆಯ ನಿರ್ದೇಶಕರೊಬ್ಬರ ಹೆಸರು ಪಟ್ಟಿಯಲ್ಲಿದ್ದ ಒಬ್ಬನ ಹೆಸರಿಗೆ ಪೂರ್ತಿ ಹೊಂದುತ್ತಿತ್ತು. ಅದು ಆ ಭಾಷೆಯಲ್ಲಿ ಮನೆಮನೆಯಲ್ಲೂ ಇರುವ ಹೆಸರು. ನಾನು "ಹೋಲ್ಡ್" ಅಂತ ಬರೆದೆ.

ಮೊದಲ ವಾರ ಪೂರ್ಣ ಹೆಸರು ಕೇಳಿದೆ. ಬಂತು. ಎರಡನೇ ವಾರ ವಿಳಾಸ ಕೇಳಿದೆ. ಬಂತು. ಆಮೇಲೆ ಷೇರುದಾರರ ವಿವರ. ಆಮೇಲೆ ನೋಂದಣಿ ಪತ್ರದ ಅನುವಾದ. ಪ್ರತಿ ಪ್ರಶ್ನೆಯೂ ನನ್ನಿಂದ ಕಂಪನಿಗೆ, ಕಂಪನಿಯಿಂದ ಏಜೆಂಟಿಗೆ, ಏಜೆಂಟಿನಿಂದ ಗಿರಾಕಿಗೆ ಹೋಗಿ ವಾಪಸು ಬರಬೇಕು. ಕೊನೆಗೆ ಏಳನೇ ವಾರದಲ್ಲಿ ಜನ್ಮದಿನಾಂಕ ಕೇಳಿದೆ. ಪಟ್ಟಿಯಲ್ಲಿದ್ದ ಆಸಾಮಿಗೂ ಇವರಿಗೂ 31 ವರ್ಷದ ಅಂತರ. ಒಂದೇ ಸಾಲಿನ ಉತ್ತರ. ಮೊದಲ ದಿನವೇ ಕೇಳಬಹುದಿತ್ತು.

"ಹೋಲ್ಡ್ ತೆಗೆಯಬಹುದು" ಎಂದು ಬರೆದಾಗ ಗಿರಾಕಿ ಆರ್ಡರನ್ನೇ ರದ್ದು ಮಾಡಿ ಮೂರು ದಿನ ಆಗಿತ್ತು. ಬೇರೆ ಕಡೆಯಿಂದ ತರಿಸಿಕೊಂಡರೋ, ಯಂತ್ರ ಹಾಗೇ ನಿಂತಿತೋ ನನಗೆ ಗೊತ್ತಾಗಲೇ ಇಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಆ ವರ್ಷದ ನನ್ನ ಕೆಲಸದ ಬಗ್ಗೆ ಬರೆದ ಟಿಪ್ಪಣಿಯಲ್ಲಿ "ತುಂಬಾ ಎಚ್ಚರಿಕೆಯವರು" ಅಂತಿತ್ತು. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಈ ಕಾನೂನಿನ ಲೆಕ್ಕಾಚಾರವೇ ಹಾಗಿದೆ. ಹೂಂ ಅಂದು ತಪ್ಪಿದರೆ ನನ್ನ ಕಕ್ಷಿದಾರರಿಗೆ ದಂಡ. ಊಹೂಂ ಅಂದು ತಪ್ಪಿದರೆ ದಂಡ ಕಟ್ಟುವವರು ನಮಗೆ ಕಾಣದ ಎಲ್ಲೋ ಇರುವ ಯಾರೋ. ಅಮೆರಿಕದ ನಿರ್ಬಂಧ ಕಾನೂನಿನಲ್ಲಿ ಸಿವಿಲ್ ದಂಡಕ್ಕೆ "ನನಗೆ ಗೊತ್ತಿರಲಿಲ್ಲ" ಅನ್ನುವುದು ರಕ್ಷಣೆ ಅಲ್ಲ. ಕಣ್ಣಿಗೆ ಕೃತಕ ರೆಪ್ಪೆಗೂದಲು ಮಾರುವ ಇ.ಎಲ್.ಎಫ್. ಎಂಬ ಸೌಂದರ್ಯವರ್ಧಕ ಕಂಪನಿ 2019ರಲ್ಲಿ 9,96,080 ಡಾಲರ್ ಕಟ್ಟಬೇಕಾಯಿತು. ಅವರು ಚೀನಾದಿಂದ ತರಿಸಿಕೊಂಡ ರೆಪ್ಪೆಗೂದಲಿನ ಕಿಟ್‌ಗಳಲ್ಲಿ ಉತ್ತರ ಕೊರಿಯಾದ ಸಾಮಗ್ರಿ ಇತ್ತು. ಕಂಪನಿ ತಾನಾಗಿಯೇ ಹೋಗಿ ಹೇಳಿಕೊಂಡಿತ್ತು. ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು.

ಹ್ಯಾವರ್ಲಿ ಸಿಸ್ಟಮ್ಸ್‌ನದು ಇದಕ್ಕಿಂತ ವಿಚಿತ್ರ. ಅಮೆರಿಕದ ಸಣ್ಣ ಸಾಫ್ಟ್‌ವೇರ್ ಕಂಪನಿ. ರಷ್ಯಾದ ರೋಸ್‌ನೆಫ್ಟ್ ತೈಲ ಕಂಪನಿಗೆ ಸಾಫ್ಟ್‌ವೇರ್ ಲೈಸೆನ್ಸ್ ಮಾರಿತ್ತು. ಆಗ ಮಾರುವುದಕ್ಕೆ ತಡೆ ಇರಲಿಲ್ಲ. ಆದರೆ ಆ ಕಂಪನಿಗೆ 90 ದಿನ ಮೀರಿ ಸಾಲ ಕೊಡಬಾರದು ಎಂಬ ನಿಯಮ ಇತ್ತು. ಗಿರಾಕಿ ಬಿಲ್ಲು ಕಟ್ಟುವುದು ತಡ ಮಾಡಿದ. 90 ದಿನ ದಾಟಿತು. ಬಾಕಿ ಬಿಲ್ಲು ಈಗ ಸಾಲ! ಹಣ ಕೊಡದೆ ಸತಾಯಿಸಿದವನು ಗಿರಾಕಿ, 75,375 ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದು ಸತಾಯಿಸಿಕೊಂಡವರು. ಈ ಪ್ರಕರಣ ಓದಿದ ಮೇಲೆ ನಾನು ಲೆಕ್ಕಪತ್ರ ವಿಭಾಗದವರನ್ನು ನೋಡುವ ದೃಷ್ಟಿಯೇ ಬದಲಾಯಿತು. ಬಾಕಿ ವಸೂಲಿಯ ತಾರೀಖು ನೋಡುವ ಗುಮಾಸ್ತರೂ ಈ ಕಾನೂನಿನ ಕಾವಲುಗಾರರೇ.

ಇನ್ನು 50 ಪರ್ಸೆಂಟ್ ನಿಯಮ. ನಿರ್ಬಂಧಕ್ಕೆ ಒಳಗಾದವನು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಹೊಂದಿದ ಕಂಪನಿಯೂ ನಿರ್ಬಂಧಿತವೇ, ಪಟ್ಟಿಯಲ್ಲಿ ಅದರ ಹೆಸರು ಇರಲಿ ಬಿಡಲಿ. 2014ರಿಂದ ಓಫ್ಯಾಕ್ ಇಬ್ಬರು ಮೂವರ ಪಾಲನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಒಬ್ಬನದು 25, ಇನ್ನೊಬ್ಬನದು 25, ಆಯ್ತಲ್ಲ ಅರ್ಧ. ಹಾಗಾಗಿ ಹೊಸ ನಿರ್ಬಂಧ ಬಂದ ಮರುದಿನವೇ ಒಬ್ಬನ 51 ಪಾಲು 49ಕ್ಕೆ ಇಳಿದು, ಉಳಿದ 2 ಹೆಂಡತಿಯ ಹೆಸರಿಗೋ ಹಳೇ ಡ್ರೈವರಿನ ಹೆಸರಿಗೋ ಹೋಗಿರುವ ಕಾಗದಗಳು ನಮ್ಮ ಮೇಜಿಗೆ ಬರುತ್ತವೆ. ಲೆಕ್ಕ ಸರಿಯಾಗಿದೆ. ವಾಸನೆ ಸರಿಯಿಲ್ಲ. ಅಮೆರಿಕದ ನಿಯಮ ಪಾಲನ್ನು ನೋಡುತ್ತದೆ, ಹಿಡಿತ ಯಾರದ್ದು ಎಂದು ಕೇಳುವುದಿಲ್ಲ. ಬ್ರಿಟನ್ನು, ಯುರೋಪ್ ಒಕ್ಕೂಟ ಹಿಡಿತವನ್ನೂ ಕೇಳುತ್ತವೆ. ಒಂದೇ ಕಂಪನಿ ಒಂದು ಕಡೆ ಶುದ್ಧ, ಇನ್ನೊಂದು ಕಡೆ ಮೈಲಿಗೆ.

ಇಂಥ ಕಡೆ ಪ್ರಶ್ನೆ ಕೇಳಿದಾಗ ಗಿರಾಕಿಗಳು ನಡೆದುಕೊಳ್ಳುವ ರೀತಿಯೇ ಅರ್ಧ ಉತ್ತರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. "ಈ ಪಂಪು ಎಲ್ಲಿ ಕೂರಿಸುತ್ತೀರಿ?" ಅಂದದ್ದಕ್ಕೆ ಹದಿನಾಲ್ಕು ಪುಟದ ಪ್ರಮಾಣಪತ್ರ ಕಳಿಸಿದವರೂ ಇದ್ದಾರೆ. ಅಷ್ಟರಲ್ಲೂ ಎಲ್ಲಿ ಅನ್ನುವುದು ಮಾತ್ರ ಇರಲಿಲ್ಲ. ಇನ್ನೊಬ್ಬರು ತಮ್ಮ ಕಾರ್ಖಾನೆಯ ಮಸುಕಾದ ಒಂದು ಫೋಟೊ ಕಳಿಸಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ "ಇಲ್ಲಿ" ಅಂತ ಬರೆದಿದ್ದರು. ನನಗೆ ನಂಬಿಕೆ ಬಂದದ್ದು ಎರಡನೆಯವರ ಮೇಲೆ.

ಅತ್ತ ದರಿ ಇತ್ತ ಪುಲಿ ಅನ್ನುವ ಪ್ರಕರಣಗಳೂ ಇವೆ. ಅಮೆರಿಕದ ಕೆಲವು ನಿರ್ಬಂಧಗಳನ್ನು ಪಾಲಿಸಕೂಡದು ಎಂದು ಯುರೋಪಿನಲ್ಲಿ 1996ರಿಂದ ಕಾನೂನು ಇದೆ. ಪಾಲಿಸಿದರೆ ಇಲ್ಲಿ ತಪ್ಪು, ಪಾಲಿಸದಿದ್ದರೆ ಅಲ್ಲಿ ತಪ್ಪು. ಇರಾನಿನ ಬ್ಯಾಂಕ್ ಮೆಲ್ಲಿಗೆ ಜರ್ಮನಿಯಲ್ಲಿ ಫೋನು, ಇಂಟರ್‌ನೆಟ್ಟು ಕೊಡುತ್ತಿದ್ದ ಟೆಲಿಕಾಮ್ ಡಾಯ್ಚ್‌ಲ್ಯಾಂಡ್ ಕಾರಣ ಹೇಳದೆ ಕರಾರು ಮುರಿಯಿತು. 2021ರ ಡಿಸೆಂಬರಿನಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ ಕೊಟ್ಟ ತೀರ್ಪನ್ನು ನಾನು ಹೀಗೆ ಓದಿಕೊಂಡಿದ್ದೇನೆ: ಕಾರಣ ಹೇಳದೆ ಮುರಿಯಬಹುದು, ಆದರೆ ಅಮೆರಿಕಕ್ಕೆ ಹೆದರಿ ಮುರಿದಂತೆ ಮೇಲ್ನೋಟಕ್ಕೆ ಕಂಡರೆ, ಹಾಗಲ್ಲ ಎಂದು ಸಾಬೀತು ಮಾಡುವ ಹೊರೆ ಕಂಪನಿಯದ್ದು. ಇಂಥ ವಿಷಯಕ್ಕೆ ಸಲಹೆ ಬರೆಯುವಾಗ ಕಕ್ಷಿದಾರರು ಫೋನ್ ಮಾಡಿ "ಮೇಡಂ, ಬರೆಯಬೇಡಿ, ಮಾತಲ್ಲೇ ಹೇಳಿ" ಅನ್ನುತ್ತಾರೆ. ನಾನು ಬರೆಯುತ್ತೇನೆ. ಬರೆಯಲಾಗದ ಸಲಹೆ ಕೊಡಬಾರದು ಅನ್ನುವುದು ನನ್ನ ಹಟ.

ವಕೀಲರೂ ಈ ಬಲೆಯ ಹೊರಗಿಲ್ಲ. 2022ರ ಅಕ್ಟೋಬರಿನಲ್ಲಿ ಯುರೋಪ್ ಒಕ್ಕೂಟ ರಷ್ಯಾದಲ್ಲಿರುವ ಕಂಪನಿಗಳಿಗೆ ಕಾನೂನು ಸಲಹೆ ಕೊಡುವುದನ್ನೇ ನಿಷೇಧಿಸಿತು. ನ್ಯಾಯಾಲಯದಲ್ಲಿ ವಾದಿಸುವುದಕ್ಕೆ ಅಡ್ಡಿ ಇಲ್ಲ, ಉಳಿದ ಸಲಹೆಗೆ ಮಾತ್ರ. ಬ್ರಸೆಲ್ಸ್, ಪ್ಯಾರಿಸ್ ವಕೀಲರ ಸಂಘಗಳು ಇದನ್ನು ಪ್ರಶ್ನಿಸಿದವು. 2024ರ ಅಕ್ಟೋಬರ್ 2ರಂದು ಒಕ್ಕೂಟದ ಜನರಲ್ ಕೋರ್ಟ್ ಅರ್ಜಿ ತಳ್ಳಿಹಾಕಿತು. ಕಾನೂನು ಏನು ಹೇಳುತ್ತದೆ ಎಂದು ತಿಳಿಸುವುದೂ ಒಂದು ಸೇವೆ, ಅದನ್ನೂ ತಡೆಯಬಹುದು ಅಂತಾಯಿತು. ನನಗೆ ಆ ತೀರ್ಪು ಹಿಡಿಸಲಿಲ್ಲ. ಹಿಡಿಸದಿರುವುದರಲ್ಲಿ ನನ್ನ ಕಸುಬಿನ ಸ್ವಾರ್ಥವೂ ಇದೆ, ಇಲ್ಲ ಅನ್ನುವುದಿಲ್ಲ.

ಹೆಸರು ಒಮ್ಮೆ ಪಟ್ಟಿಗೆ ಹೋದರೆ ಹೊರಗೆ ಬರುವುದು ಎಷ್ಟು ಕಷ್ಟ ಎಂಬುದಕ್ಕೆ ಯಾಸಿನ್ ಕಾದಿ ಪ್ರಕರಣ ಓದಬೇಕು. ಸೌದಿ ಉದ್ಯಮಿ. ಭಯೋತ್ಪಾದಕರ ನಂಟಿನ ಆರೋಪದ ಮೇಲೆ 2001ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ನಿರ್ಬಂಧಿತರ ಪಟ್ಟಿಗೆ ಸೇರಿಸಿದರು. ಯಾವ ಪುರಾವೆ ಅಂತ ಅವರಿಗೆ ತೋರಿಸಲಿಲ್ಲ. 2008ರಲ್ಲಿ ಯುರೋಪಿನ ನ್ಯಾಯಾಲಯ, ಕಾರಣ ತಿಳಿಸದೆ, ಮಾತಾಡಲು ಅವಕಾಶ ಕೊಡದೆ ಆಸ್ತಿ ಹೀಗೆ ಕಟ್ಟಿಹಾಕುವಂತಿಲ್ಲ ಅಂದಿತು. 2009ರಲ್ಲಿ ವಿಶ್ವಸಂಸ್ಥೆ ಇಂಥವರ ಅಹವಾಲು ಕೇಳಲು ಒಂಬುಡ್ಸ್‌ಪರ್ಸನ್ ಹುದ್ದೆ ಮಾಡಿತು. 2012ರಲ್ಲಿ ಕಾದಿ ಹೆಸರು ಆ ಪಟ್ಟಿಯಿಂದ ಹೋಯಿತು. 11 ವರ್ಷ. ಹಣವೂ, ವಕೀಲರ ದಂಡೂ ಇದ್ದವರಿಗೆ 11 ವರ್ಷ. ನಾನು ಏಳು ವಾರ ಕಾಯಿಸಿದ ಆ ನಿರ್ದೇಶಕರಂಥವರು ಪಟ್ಟಿಯಲ್ಲಿ ಇರಲೇ ಇಲ್ಲ, ಬರೀ ಹೆಸರು ಹೊಂದುತ್ತಿತ್ತು. ಅಂಥವರಿಗೆ ದೂರು ಕೊಡಲು ಜಾಗವೇ ಇಲ್ಲ. ಅವರನ್ನು ತಡೆದದ್ದು ಸರಕಾರ ಅಲ್ಲ, ನಾನು.

ಆಹಾರ, ಔಷಧಿಗಳಿಗೆ ನಿರ್ಬಂಧಗಳಲ್ಲಿ ವಿನಾಯಿತಿ ಇರುತ್ತದೆ. 1990ರಲ್ಲಿ ಇರಾಕ್ ಮೇಲೆ ಹೇರಿದ ನಿರ್ಬಂಧದ ನಿರ್ಣಯದಲ್ಲೂ ಔಷಧಿಗೆ ವಿನಾಯಿತಿ ಬರೆದಿತ್ತು. ಆದರೆ ಕಾಗದದ ವಿನಾಯಿತಿ ಹಡಗು ಹತ್ತಬೇಕಾದರೆ ಬ್ಯಾಂಕು ಹಣ ಕಳಿಸಬೇಕು, ವಿಮೆಯವನು ಒಪ್ಪಬೇಕು, ಸಾಗಣೆಯವನು ಎತ್ತಬೇಕು. ಇವರಲ್ಲಿ ಪ್ರತಿಯೊಬ್ಬರ ಬಳಿಯೂ ನನ್ನಂಥ ಒಬ್ಬ ವಕೀಲ ಕೂತಿರುತ್ತಾನೆ. ಒಬ್ಬ "ಬೇಡ, ರಿಸ್ಕು" ಅಂದರೆ ಮುಗಿಯಿತು. 2022ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ 2664ನೇ ನಿರ್ಣಯದಲ್ಲಿ, ವಿಶ್ವಸಂಸ್ಥೆಯ ಆಸ್ತಿ ಮುಟ್ಟುಗೋಲಿನ ನಿರ್ಬಂಧಗಳಿಗೆಲ್ಲ ಅನ್ವಯಿಸುವ ಮಾನವೀಯ ವಿನಾಯಿತಿ ತಂದಿತು. 2023ರ ಫೆಬ್ರವರಿಯ ಭೂಕಂಪ ಆದ ಮೂರನೇ ದಿನ ಅಮೆರಿಕ ಸಿರಿಯಾದ ಪರಿಹಾರ ಕೆಲಸಕ್ಕೆ ಪ್ರತ್ಯೇಕ ಅರ್ಜಿ ಬೇಕಿಲ್ಲದ 180 ದಿನಗಳ ಸಾಮಾನ್ಯ ಲೈಸೆನ್ಸ್ ಹೊರಡಿಸಿತು. ಲೈಸೆನ್ಸ್ ಹೊರಡಿಸುವುದು ಒಂದು. ಅದನ್ನು ನಂಬಿ ಗುಂಡಿ ಒತ್ತುವ ಬ್ಯಾಂಕಿನ ಅಧಿಕಾರಿ ಸಿಗುವುದು ಇನ್ನೊಂದು.

ಹಾಗಾದರೆ ಎಲ್ಲದಕ್ಕೂ ಹೂಂ ಅನ್ನೋಣವೇ? ಹಾಗೆ ಅನ್ನಿಸಿದಾಗಲೆಲ್ಲ ನನಗೆ ಫ್ರಾನ್ಸ್ ವ್ಯಾನ್ ಆನ್ರಾಟ್ ನೆನಪಾಗುತ್ತಾನೆ. ನೆದರ್‌ಲ್ಯಾಂಡ್ಸಿನ ವ್ಯಾಪಾರಿ. 1980ರ ದಶಕದಲ್ಲಿ ಇರಾಕಿಗೆ ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕವನ್ನು ಸಾವಿರ ಟನ್ನಿಗೂ ಮೀರಿ ಮಾರಿದ. ಅದು ಬಾಲ್‌ಪೆನ್ನಿನ ಶಾಯಿಗೂ ಬೇಕು, ಬಟ್ಟೆಗೆ ಬಣ್ಣ ಹಾಕಲೂ ಬೇಕು. ಮಸ್ಟರ್ಡ್ ಅನಿಲ ಮಾಡುವುದಕ್ಕೂ ಅದೇ ಬೇಕು, ಇನ್ನೊಂದೇ ಹೆಜ್ಜೆ ಬಾಕಿ. 1988ರ ಮಾರ್ಚಿನಲ್ಲಿ ಹಲಬ್ಜಾ ಊರಿನ ಮೇಲೆ ಅನಿಲ ಸುರಿದರು. ಸಾವಿರಾರು ಕುರ್ದ್ ಜನ ಸತ್ತರು. 2005ರಲ್ಲಿ ಹೇಗ್‌ನ ನ್ಯಾಯಾಲಯ ಅವನಿಗೆ ಯುದ್ಧಾಪರಾಧಕ್ಕೆ ನೆರವಾದ ತಪ್ಪಿಗೆ 15 ವರ್ಷ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ಅದು ಇನ್ನೂ ಹೆಚ್ಚಾಯಿತು. ಅಲ್ಲೂ ಅಷ್ಟೇ, ಎಷ್ಟು ಅನ್ನುವ ಅಂಕಿ ಕಣ್ಣಿಗೆ ರಾಚುವಂತಿತ್ತು. ಅಷ್ಟು ಶಾಯಿಯಲ್ಲಿ ಏನು ಬರೆಯುತ್ತಾರೆ?

ಹಾಗಾಗಿ ನಾನು ಕೆಲಸ ಮಾಡುವ ರೀತಿ ಬದಲಾಯಿತೇ ಹೊರತು ಕೆಲಸ ಬಿಡಲಿಲ್ಲ. ಈಗ ಯಾರನ್ನೇ ತಡೆದರೂ ಕೇಳಬೇಕಾದ್ದನ್ನೆಲ್ಲ ಒಂದೇ ಮೇಲ್‌ನಲ್ಲಿ ಕೇಳುತ್ತೇನೆ. ತಡೆಗೆ ಒಂದು ಕೊನೆಯ ತಾರೀಖು ಹಾಕುತ್ತೇನೆ. ತಡೆದವರು ಯಾರು ಅನ್ನುವ ಜಾಗದಲ್ಲಿ ಇಲಾಖೆಯ ಹೆಸರಲ್ಲ, ನನ್ನ ಹೆಸರು ಬರೆಯುತ್ತೇನೆ. ಇದು ಯಾವ ನಿಯಮದಲ್ಲೂ ಇಲ್ಲ. ಮೊದಮೊದಲು ಸಹೋದ್ಯೋಗಿಗಳು ನಕ್ಕರು. ಹೆಸರು ಬರೆಯುವ ಕಾಲಮ್ಮು ಬಂದ ಮೇಲೆ ತಡೆಗಳೇನೂ ಕಡಿಮೆಯಾಗಲಿಲ್ಲ, ಆದರೆ ಬೇಗ ಬೇಗ ತೀರ್ಮಾನವಾಗತೊಡಗಿದವು.

ಮೊನ್ನೆ ಸಂಜೆ ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗ ಫೈಲು ಹಿಡಿದು ಬಂದ.

"ಮೇಡಂ, ಒಂದು ಹಿಟ್ ಬಂದಿದೆ. ಹೆಸರು ಪೂರ್ತಿ ಹೊಂದುತ್ತೆ. ಹೋಲ್ಡ್ ಹಾಕಿದ್ದೀನಿ."

"ಏನು ಮಾಲು?"

"ನೀರಿನ ಟ್ಯಾಂಕಿಗೆ ಸೆನ್ಸರ್. ಮಾಲಿಗೆ ತೊಂದರೆ ಇಲ್ಲ."

"ಎಷ್ಟು?"

"ನಾಲ್ಕು."

"ಜನ್ಮದಿನಾಂಕ ಕೇಳಿದ್ದೀಯಾ?"

"ಮೊದಲು ವಿಳಾಸ ಕೇಳಿ, ಆಮೇಲೆ…"

ಅವನಿಗೆ ಕುರ್ಚಿ ಎಳೆದುಕೊಟ್ಟೆ. ಇಬ್ಬರೂ ಕೂತು ಪ್ರಶ್ನೆಗಳನ್ನೆಲ್ಲ ಒಂದೇ ಮೇಲ್‌ಗೆ ಸೇರಿಸಿದೆವು. ಜನ್ಮದಿನಾಂಕ ಮೊದಲ ಸಾಲಿನಲ್ಲಿ. ಅಲ್ಲಿ ಆಗ ಇನ್ನೂ ಮಧ್ಯಾಹ್ನ. ನಾನು ಬ್ಯಾಗು ಎತ್ತಿಕೊಂಡು ಬಾಗಿಲ ತನಕ ಹೋಗುವಷ್ಟರಲ್ಲಿ ಅವನ ಕಂಪ್ಯೂಟರ್ ಟಿಂಗ್ ಅಂತು.